ಡಿಸ್‌ಚಾರ್ಜ್ ಚೀಟಿಯ ಕೊನೆಯ ಸಾಲು ಸಾಲದು: ಸ್ವಯಂ ಹಾನಿ ಮಾಡಿಕೊಂಡವರ ಫಾಲೋಅಪ್ ಹೇಗೆ ನಡೆಸಬೇಕು

ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ಪಾಯಿಸನ್ ಕೇಸ್’, ‘ಮೂರನೇ ಬೆಡ್ಡಿನ ಎಮ್ಮೆಲ್ಸಿ’ (ಮೆಡಿಕೋ-ಲೀಗಲ್ ಕೇಸ್), ಉತ್ತರ ಕರ್ನಾಟಕದ ಕಡೆಯಾದರೆ ‘ಎಣ್ಣಿ ಕುಡದಾಕಿ’ (ಎಣ್ಣಿ ಎಂದರೆ ಕೀಟನಾಶಕ). ಜೀವ ಉಳಿಸುವ ತನಕ ಎಲ್ಲರೂ ಓಡಾಡುತ್ತಾರೆ. ಡ್ರಿಪ್ ತೆಗೆದು ಎರಡು ದಿನ ಕಳೆದರೆ ಡಿಸ್‌ಚಾರ್ಜ್. ಚೀಟಿಯ ತಳದಲ್ಲಿ ‘ಮನೋವೈದ್ಯರನ್ನು ಕಾಣಲು ಸಲಹೆ ನೀಡಲಾಗಿದೆ’ ಎಂಬ ಒಂದು ಸಾಲು. ಆ ಸಾಲನ್ನು ನೋಡಿ ತಾವಾಗಿಯೇ ವಾಪಸ್ ಬರುವವರು ತೀರಾ ವಿರಳ. ಬರದಿದ್ದಾಗ ರಿಜಿಸ್ಟರಿನಲ್ಲಿ ‘ರೋಗಿ ಬರಲಿಲ್ಲ’ ಎಂದು ಬರೆಯುತ್ತೇವೆ. ‘ನಾವು ಕರೆಯಲಿಲ್ಲ’ ಎಂದು ಬರೆದರೆ ಹೆಚ್ಚು ಸರಿಯಾದೀತು.

ಈ ಬರಹ ವಾರ್ಡಿನ ಸ್ಟಾಫ್ ನರ್ಸ್, ಆಪ್ತಸಮಾಲೋಚಕರು, ವೈದ್ಯಾಧಿಕಾರಿ ಮತ್ತು ಹಳ್ಳಿಯಲ್ಲಿರುವ ಸಮುದಾಯ ಆರೋಗ್ಯಾಧಿಕಾರಿಗಳಿಗೆ. ಮನೋವೈದ್ಯರು ವಾರಕ್ಕೊಮ್ಮೆ ಬರುವ ಆಸ್ಪತ್ರೆಯಲ್ಲೂ ಈ ಕೆಲಸ ಸಾಧ್ಯ.

ಹಾಗೆ ಹೇಳಲು ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಸಿತ್ತು. ಅದರಲ್ಲಿ ನಮ್ಮ ಚೆನ್ನೈ ಕೂಡ ಒಂದು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ ಕೊಟ್ಟರು. ಇನ್ನೊಂದು ಗುಂಪಿನವರೊಂದಿಗೆ ಡಿಸ್‌ಚಾರ್ಜ್ ಹೊತ್ತಿಗೆ ಒಂದು ಗಂಟೆ ಕೂತು ಮಾತಾಡಿದರು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2. ನಂತರ ಬೇರೆ ಕಡೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಫಲ ಸಿಕ್ಕಿಲ್ಲ, ಅದು ನಿಜ. ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೊಟ್ಟ ಉಪಾಯ ಈ ಕ್ಷೇತ್ರದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಮೊದಲು: ಯಾರ ಕೆಲಸ ಎಂದು ಗೊತ್ತು ಮಾಡಿ

‘ಎಲ್ಲರೂ ಫಾಲೋಅಪ್ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರ ಹೆಸರು ಬರೆಯಿರಿ, ಅವರು ರಜೆಯಲ್ಲಿದ್ದರೆ ನೋಡಿಕೊಳ್ಳುವ ಇನ್ನೊಬ್ಬರ ಹೆಸರೂ ಇರಲಿ. ವಾರ್ಡಿನಲ್ಲಿ ರೋಗಿಯ ಜೊತೆ ಕೂತು ಮಾತಾಡಿದವರೇ ಆಮೇಲೆ ಫೋನ್ ಮಾಡಬೇಕು. ಗುರುತಿರುವ ದನಿಗೆ ಜನ ಬಾಯಿ ಬಿಡುತ್ತಾರೆ. ಗುರುತಿಲ್ಲದ ದನಿಗೆ ‘ಚೆನ್ನಾಗಿದೀನಿ’ ಎಂದು ಹೇಳಿ ಇಟ್ಟುಬಿಡುತ್ತಾರೆ.

ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ ಮೊದಲೇ ಇರಲಿ. ತಿಂಗಳಿಗೆ ಹತ್ತು ಹೊಸ ರೋಗಿಗಳು ಎಂದುಕೊಳ್ಳಿ. ಒಬ್ಬೊಬ್ಬರಿಗೆ ಒಟ್ಟು ಹತ್ತು ಕರೆ. ಒಂದೂವರೆ ವರ್ಷ ಕಳೆದು ಕೆಲಸ ಪೂರ್ತಿ ಭರ್ತಿಯಾದಾಗ ತಿಂಗಳಿಗೆ ನೂರು ಕರೆ ಬೀಳುತ್ತವೆ. ಕರೆಗೆ 12 ನಿಮಿಷ ಹಿಡಿದರೆ 20 ಗಂಟೆ. ತಿಂಗಳಲ್ಲಿ 25 ಕೆಲಸದ ದಿನ ಇದ್ದರೆ ದಿನಕ್ಕೆ 48 ನಿಮಿಷ. ಡ್ಯೂಟಿ ಚಾರ್ಟಿನಲ್ಲಿ ಈ ಮುಕ್ಕಾಲು ಗಂಟೆಗೆ ಜಾಗ ಮಾಡಿಕೊಡದೆ ಕೆಲಸ ಹಚ್ಚಿದರೆ ಮೂರನೇ ತಿಂಗಳಿಗೆ ನಿಂತುಹೋಗುತ್ತದೆ.

ವಾರ್ಡಿನಲ್ಲಿ ಒಂದು ಗಂಟೆ

ಯಾವಾಗ ಕೂರಬೇಕು? ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧಿ ಓಡುತ್ತಿರುವಾಗ ಬೇಡ. ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವ, ಹಾಸಿಗೆ ಕಿತ್ತುಹಾಕುವ, ಸಂಬಂಧವಿಲ್ಲದ ಮಾತಾಡುವ ರೋಗಿಯ ಬಾಯಿಂದ ಬಂದದ್ದನ್ನು ಮನಸ್ಸಿನ ಸ್ಥಿತಿ ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ಅದು ಔಷಧಿಯ ಪರಿಣಾಮ. ಹಾಗಂತ ಡಿಸ್‌ಚಾರ್ಜ್ ದಿನಕ್ಕೂ ಮುಂದೂಡಬೇಡಿ. ಅವತ್ತು ಹೊರಗೆ ಆಟೋ ಕಾಯುತ್ತಿರುತ್ತದೆ, ಅಣ್ಣ ಬಿಲ್ಲಿನ ಹಿಂದೆ ಓಡುತ್ತಿರುತ್ತಾನೆ, ಯಾರ ಕಿವಿಯೂ ನಿಮ್ಮ ಕಡೆ ಇರುವುದಿಲ್ಲ. ಪ್ರಜ್ಞೆ ಸ್ಪಷ್ಟವಾಗಿ, ಗಂಜಿ ಕುಡಿಯಲು ಶುರುಮಾಡಿದ ದಿನವೇ ಸರಿಯಾದ ಹೊತ್ತು. ಎಷ್ಟೋ ಜನ ವೈದ್ಯರ ಮಾತು ಮೀರಿ, ಸಹಿ ಹಾಕಿ ಹೊರಟುಹೋಗುತ್ತಾರೆ. ಆದ್ದರಿಂದ ಫೋನ್ ನಂಬರನ್ನಂತೂ ದಾಖಲಾದ ದಿನವೇ ತೆಗೆದುಕೊಂಡಿರಿ.

ಜೊತೆಗಿರುವವರನ್ನು ಟೀ ಕುಡಿದು ಬರಲು ಕಳಿಸಿ. ಗಂಡನ ಎದುರು ಹೆಂಡತಿ, ಅಪ್ಪನ ಎದುರು ಮಗಳು ನಿಜ ಹೇಳುವುದಿಲ್ಲ. ಮನೆಯವರ ಜೊತೆ ಬೇರೆಯಾಗಿ ಹದಿನೈದು ನಿಮಿಷ ಮಾತಾಡಿದರಾಯಿತು.

ಬಹುತೇಕರ ಮನಸ್ಸಿನಲ್ಲಿರುವ ಮೊದಲ ಭಯ ಪೊಲೀಸರದ್ದು. ‘ತಲೆನೋವಿನ ಮಾತ್ರೆ ಅಂದ್ಕೊಂಡು ತಪ್ಪಾಗಿ ತಗೊಂಡಳು’ ಎಂಬ ಕಥೆ ಹುಟ್ಟುವುದೇ ಅಲ್ಲಿ. ಅದನ್ನು ಬಿಡಿಸದೆ ಮುಂದಿನ ಮಾತು ನಡೆಯದು. ಹೀಗೆ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಿಂದೆ ಶಿಕ್ಷೆಗೆ ಕಾರಣವಾಗಿದ್ದ 309ನೇ ಕಲಂ, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಐಪಿಸಿಯೊಂದಿಗೇ ಹೋಯಿತು. (ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ಮಾಡುವ ಯತ್ನಕ್ಕೆ ಮಾತ್ರ 226ನೇ ಕಲಂ ಇದೆ.) ಎಮ್ಮೆಲ್ಸಿ ಎಂದರೆ ಆಸ್ಪತ್ರೆ ಪೊಲೀಸರಿಗೆ ಕೊಡಲೇಬೇಕಾದ ಮಾಹಿತಿ, ರೋಗಿಯ ಮೇಲೆ ಹಾಕಿದ ಕೇಸಲ್ಲ. ಇದನ್ನು ನಿಧಾನವಾಗಿ ಎರಡು ಸಲ ಹೇಳಿದರೆ ಮುಖದ ಬಿಗಿ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ.

ಆಮೇಲೆ ನೇರ ಕೇಳಿ. ‘ಆವತ್ತು ಏನಾಯ್ತು?’ ಎಂದು ಶುರುಮಾಡಿ ‘ಈಗಲೂ ಜೀವ ಬೇಡ ಅನ್ಸುತ್ತಾ? ಸಾಯಬೇಕು ಅನ್ನೋ ಯೋಚನೆ ಇವತ್ತು ಬಂತಾ?’ ಎಂಬಲ್ಲಿಗೆ ಬನ್ನಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಕೇಳಬಾರದ ಮಾತುಗಳೂ ಇವೆ: ‘ಮಕ್ಕಳ ಮುಖ ನೋಡಬಾರದಿತ್ತಾ?’, ‘ಇಷ್ಟಕ್ಕೆಲ್ಲ ಯಾರಾದ್ರೂ ಹೀಗ್ ಮಾಡ್ತಾರಾ?’, ‘ಇನ್ಮೇಲೆ ಮಾಡಲ್ಲ ಅಂತ ಆಣೆ ಮಾಡು’. ಆಣೆ ಮಾಡಿಸಿಕೊಂಡರೆ ನಮಗೆ ನೆಮ್ಮದಿ, ಅಷ್ಟೇ. ಮತ್ತೆ ಯೋಚನೆ ಬಂದ ದಿನ ಆಣೆ ಮುರಿದ ನಾಚಿಕೆಗೇ ಅವರು ಫೋನ್ ಎತ್ತುವುದಿಲ್ಲ.

ಅಂಕ ಹಾಕಿ ‘ಕಡಿಮೆ ಅಪಾಯ, ಫಾಲೋಅಪ್ ಬೇಡ’ ಎಂದು ವಿಂಗಡಿಸುವ ಅಭ್ಯಾಸ ಬಿಡಿ. ಯಾರು ಮತ್ತೆ ಯತ್ನಿಸುತ್ತಾರೆ ಎಂಬುದನ್ನು ಈ ಅಂಕಪಟ್ಟಿಗಳು ಸರಿಯಾಗಿ ಹೇಳಲಾರವು. ಬ್ರಿಟನ್ನಿನ 2022ರ ಮಾರ್ಗಸೂಚಿ ಕೂಡ ಇವನ್ನು ಬಳಸಬೇಡಿ ಎಂದೇ ಹೇಳಿದೆ. ‘ನಾಲ್ಕೇ ಮಾತ್ರೆ ನುಂಗಿ ನಾಟಕ ಮಾಡಿದಳು’ ಎಂದು ಹೇಳಿಸಿಕೊಂಡವಳಿಗೂ ಅದೇ ಹತ್ತು ಕರೆ.

ಕೈಗೆ ಕೊಡುವ ಚೀಟಿ

ಇದು ರೋಗಿಯ ಮಾತಿನಲ್ಲೇ ಬರೆಯುವ ಸುರಕ್ಷತಾ ಚೀಟಿ. ಆರು ಭಾಗ. ಯೋಚನೆ ಏರುವ ಮುಂಚೆ ನನಗೆ ಏನಾಗುತ್ತದೆ; ಆಗ ನಾನೊಬ್ಬಳೇ ಏನು ಮಾಡಬಲ್ಲೆ; ಯಾರ ಹತ್ತಿರ ಅಥವಾ ಎಲ್ಲಿಗೆ ಹೋದರೆ ಮನಸ್ಸು ಬೇರೆಡೆ ತಿರುಗುತ್ತದೆ; ಯಾರ ಹತ್ತಿರ ಬಾಯಿಬಿಟ್ಟು ಹೇಳಬಹುದು; ಆಸ್ಪತ್ರೆ ಮತ್ತು ಸಹಾಯವಾಣಿಯ ನಂಬರು; ಮನೆಯಲ್ಲಿ ಕೈಗೆ ಸಿಗದಂತೆ ಇಡಬೇಕಾದ್ದು ಏನು.

ಈ ಚೀಟಿ ಕೆಡುವುದು ನಾವು ಪುಸ್ತಕದ ಭಾಷೆ ತುರುಕಿದಾಗ. ‘ಖಿನ್ನತೆಯ ಲಕ್ಷಣ ಕಂಡಾಗ ಪ್ರಾಣಾಯಾಮ ಮಾಡುವುದು’ ಎಂದು ಬರೆದ ಚೀಟಿ ಯಾರದ್ದೂ ಅಲ್ಲ. ‘ಅವರು ಕುಡಿದು ಬಂದು ತವರಿನ ಮಾತು ತೆಗೆದಾಗ ಎದೆ ಉರಿಯುತ್ತೆ, ಊಟ ಇಳಿಯಲ್ಲ. ಆಗ ಹಿಂದಿನ ಬಾಗಿಲಿಂದ ಗೌರಕ್ಕನ ಮನೆಗೆ ಹೋಗ್ತೀನಿ’ ಎಂದು ಬರೆದರೆ ಅದು ಅವಳದ್ದೇ ಚೀಟಿ. ಬರೆದ ಮೇಲೆ ಕೇಳಿ: ‘ರಾತ್ರಿ ಹನ್ನೊಂದಕ್ಕೆ ಹೀಗಾದರೆ? ಗೌರಕ್ಕ ಊರಲ್ಲಿಲ್ಲದಿದ್ದರೆ?’ ಉತ್ತರವಿಲ್ಲದಿದ್ದರೆ ಇನ್ನೊಂದು ಹೆಸರು ಸೇರಿಸಿ.

ಓದು ಬಾರದವರಿಗೆ ಅದನ್ನೇ ಅವರ ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಬಹುದು. ಫೋನನ್ನು ಮನೆಯವರು ತಪಾಸಿಸುತ್ತಾರೆ ಎಂದಾದರೆ ಬೇಡ. ನಂಬರುಗಳನ್ನು ಅವರು ಹೇಳಿದ ಹೆಸರಿನಲ್ಲಿ ಸೇವ್ ಮಾಡಿಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಎಲ್ಲ ಚೀಟಿಯಲ್ಲೂ ಇರಲಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಸಾಧ್ಯವಾದರೆ ವಾರ್ಡಿನಿಂದಲೇ ಒಂದು ಸಲ ಹಚ್ಚಿಸಿ. ಒಮ್ಮೆ ಮಾತಾಡಿದ ನಂಬರಿಗೆ ಎರಡನೇ ಸಲ ಕರೆ ಮಾಡುವುದು ಸುಲಭ.

ದಿನಾಂಕ, ನಂಬರು, ವಿಳಾಸ

‘ಒಂದು ವಾರ ಬಿಟ್ಟು ಬನ್ನಿ’ ಎನ್ನಬೇಡಿ. ದಿನ, ಹೊತ್ತು, ಕೋಣೆ, ಭೇಟಿಯಾಗುವವರ ಹೆಸರು ಬರೆದುಕೊಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋಚೈತನ್ಯ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುತ್ತದೆ. ನಿಮ್ಮಲ್ಲಿ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂದು ಕೇಳಿಕೊಂಡೇ ದಿನಾಂಕ ಹಾಕಿ. ಬಂದ ದಿನ ಡಾಕ್ಟರ್ ಇಲ್ಲದಿದ್ದರೆ ಆ ರೋಗಿ ಮತ್ತೆ ಸಿಗುವುದಿಲ್ಲ. ನಾಟಿ, ಕಟಾವಿನ ದಿನಗಳಲ್ಲಿ ಕೂಲಿ ಬಿಟ್ಟು ಯಾರೂ ಬರಲಾರರು. ಸಂತೆಯ ದಿನ ಊರಿಗೆ ಹೇಗೂ ಬರುತ್ತಾರೆ, ಅದಕ್ಕೆ ಹೊಂದಿಸಬಹುದಾದರೆ ಹೊಂದಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಖರ್ಚಿಲ್ಲ. ಗಂಡಸಿಗೆ ಬಸ್ಸಿನ ದುಡ್ಡೂ ಹೋಗುತ್ತದೆ, ದಿನಗೂಲಿಯೂ ಹೋಗುತ್ತದೆ. ಅವರ ವಿಷಯದಲ್ಲಿ ಫೋನನ್ನೇ ಹೆಚ್ಚು ನೆಚ್ಚಿ.

ಚೀಟಿಯ ಮೇಲೆ ‘ಮಾನಸಿಕ ವಿಭಾಗ’ ಎಂಬ ಮೊಹರು ಬೇಡ. ‘ಕೋಣೆ 12, ಸಿಸ್ಟರ್ ಅವರನ್ನು ಕೇಳಿ’ ಎಂದರೆ ಸಾಕು. ಹುಚ್ಚಿನ ಡಾಕ್ಟರ ಹತ್ತಿರ ಹೋದಳು ಎಂಬ ಮಾತು ಬಸ್‌ಸ್ಟ್ಯಾಂಡಿನಲ್ಲೇ ಹುಟ್ಟುತ್ತದೆ.

ಫೋನ್ ನಂಬರು ಎರಡಾದರೂ ಬೇಕು. ಕೊಟ್ಟ ತಕ್ಷಣ ರಿಂಗ್ ಮಾಡಿ ನೋಡಿ. ಅದು ಯಾರ ಫೋನು, ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿಗೆ ಸಿಗುತ್ತದೆ, ಬೇರೆಯವರು ಎತ್ತಿದರೆ ನಾನು ಏನೆಂದು ಹೇಳಲಿ — ಈ ನಾಲ್ಕನ್ನೂ ಬರೆದುಕೊಳ್ಳಿ. ನಿಮ್ಮ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ, ಇಲ್ಲದಿದ್ದರೆ ಲೋನ್ ಕಂಪನಿಯವರು ಎಂದುಕೊಂಡು ಎತ್ತುವುದಿಲ್ಲ. ಸಾಲ ಇರುವವರ ಮನೆಯಲ್ಲಿ ಇದು ತಮಾಷೆಯ ಮಾತಲ್ಲ. ಹೆಣ್ಣುಮಕ್ಕಳು ಡಿಸ್‌ಚಾರ್ಜ್ ಆಗಿ ಗಂಡನ ಮನೆಗೆ ಹೋಗದೆ ತವರಿಗೆ ಹೋಗುವುದು ಹೆಚ್ಚು. ಎರಡೂ ವಿಳಾಸ ಬೇಕು.

ಆಶಾ ಕಾರ್ಯಕರ್ತೆಗೆ ತಿಳಿಸಬಹುದೇ ಎಂದು ರೋಗಿಯನ್ನೇ ಕೇಳಿ. ಆಶಾ ಅದೇ ಊರಿನವಳು, ಎಷ್ಟೋ ಸಲ ನೆಂಟಳೂ ಹೌದು. ಕೆಲವರಿಗೆ ಅದೇ ಆಸರೆ, ಕೆಲವರಿಗೆ ಅದೇ ಸಂಕಟ. ಗೋಪ್ಯತೆ ರೋಗಿಯ ಕಾನೂನುಬದ್ಧ ಹಕ್ಕು. ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ತಿಳಿಸುತ್ತೇನೆ ಎಂಬ ಮಿತಿಯನ್ನೂ ಮೊದಲ ದಿನವೇ ಹೇಳಿಬಿಡಿ.

ದೇಹದ ನೆಪ

ಮನಸ್ಸಿನ ಮಾತಿಗೆ ಬಾರದವರು ಮೈಯ ತೊಂದರೆಗೆ ಬರುತ್ತಾರೆ. ಅದು ಬರೀ ನೆಪವೂ ಅಲ್ಲ. ಕೆಲವು ಕೀಟನಾಶಕಗಳಿಂದ ಎರಡು ಮೂರು ವಾರದ ಮೇಲೆ ಕಾಲು ಜೋಮು ಹಿಡಿದು ಪಾದ ಎತ್ತಲಾಗದಂತೆ ಆಗಬಹುದು. ಸುಡುವ ದ್ರವ ಒಳಗೆ ಹೋದವರಿಗೆ ವಾರಗಳ ನಂತರ ಅನ್ನನಾಳ ಕಿರಿದಾಗಿ ನುಂಗಲು ಕಷ್ಟವಾಗಬಹುದು. ಗಾಯ, ಸುಟ್ಟ ಕಲೆಗಳಿಗೆ ಡ್ರೆಸ್ಸಿಂಗ್ ಬೇಕು. ಈ ತಪಾಸಣೆ ಮತ್ತು ಸಮಾಲೋಚನೆ ಒಂದೇ ದಿನ, ಒಂದೇ ಕೋಣೆಯ ಆಸುಪಾಸಿನಲ್ಲಿ ಆಗುವಂತೆ ನೋಡಿಕೊಳ್ಳಿ. ‘ಗಂಟಲು ತೋರಿಸಲು ಹೋಗಿದ್ದೆ’ ಎಂದು ಮನೆಯಲ್ಲಿ ಹೇಳಲು ಅವರಿಗೆ ದಾರಿಯಾಗುತ್ತದೆ.

ಮನೆಯಲ್ಲಿ ಏನು ಸರಿಸಬೇಕು

ಮನೆಯವರ ಜೊತೆಗಿನ ಹದಿನೈದು ನಿಮಿಷದಲ್ಲಿ ಇದೇ ಮುಖ್ಯ. ಉಳಿದ ಕೀಟನಾಶಕ ಎಲ್ಲಿದೆ ಎಂದು ಕೇಳಿ. ‘ಅಟ್ಟದ ಮೇಲೆ’ ಎಂದರೆ ಸಾಲದು. ಬೀಗದ ಪೆಟ್ಟಿಗೆ ಕೊಟ್ಟರೆ ಮುಗಿಯಿತು ಎಂದು ಬಹಳ ಜನ ನಂಬಿದ್ದರು. ಶ್ರೀಲಂಕಾದ 180 ಹಳ್ಳಿಗಳ ಪೈಕಿ ಅರ್ಧದಲ್ಲಿ ಹಾಗೆ ಪೆಟ್ಟಿಗೆ ಹಂಚಿ ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಎಲ್ಲಿದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದಲ್ಲ! ಆದ್ದರಿಂದ ಮನೆಯಿಂದಲೇ ಹೊರಗೆ ಹಾಕಿಸಿ: ದಾಯಾದಿಗಳ ಮನೆಗೋ, ನಂಬಿಕಸ್ತರ ಬಳಿಗೋ. ಮುಂದೆ ಸಿಂಪಡಿಸುವ ದಿನಕ್ಕೆ ಬೇಕಾದಷ್ಟೇ ತರಲಿ, ಉಳಿಸಿ ಇಡುವುದು ಬೇಡ. ಮಾತ್ರೆಗಳ ವಿಷಯದಲ್ಲೂ ಹಾಗೆಯೇ. ಒಂದು ವಾರಕ್ಕಾಗುವಷ್ಟು ಮಾತ್ರ ಕೊಡಿ, ಅದು ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಅಜ್ಜ ಅಜ್ಜಿಯರ ಬಿಪಿ, ಸಕ್ಕರೆ ಮಾತ್ರೆಗಳನ್ನು ಮರೆಯಬೇಡಿ. ವಾರಕ್ಕೊಮ್ಮೆ ಮಾತ್ರೆಗೆ ಬರಬೇಕಾಗುವುದರಿಂದ ಭೇಟಿಯೂ ತಾನಾಗಿ ಆಗುತ್ತದೆ.

ಕರೆಗಳು

ಮೊದಲ ಕರೆ ಡಿಸ್‌ಚಾರ್ಜ್ ಆದ 48ರಿಂದ 72 ಗಂಟೆಯೊಳಗೆ. ಮನೆಗೆ ಹೋದ ಮೊದಲ ದಿನಗಳೇ ಅತ್ಯಂತ ಅಪಾಯದವು. ನೆಂಟರು ಬಂದು ಹೋಗಿ, ಬೈಗುಳ ಶುರುವಾಗಿ, ಸಾಲದವನು ಮತ್ತೆ ಬಾಗಿಲಿಗೆ ಬರುವ ಹೊತ್ತದು. ಆಮೇಲೆ 1, 2, 4, 7, 11ನೇ ವಾರ, ನಂತರ 4, 6, 12, 18ನೇ ತಿಂಗಳು. ಮೊದಲನೆಯದನ್ನು ಬಿಟ್ಟು ಉಳಿದ ಒಂಬತ್ತು ಆ ಐದು ದೇಶಗಳ ಅಧ್ಯಯನದ ವೇಳಾಪಟ್ಟಿಯೇ. ಇದಕ್ಕೆ ಒಬ್ಬೊಬ್ಬರ ಕೆಟ್ಟ ದಿನಗಳನ್ನು ಸೇರಿಸಿ: ಸಂಘದ ಕಂತು ಕಟ್ಟುವ ದಿನ, ಕೋರ್ಟಿನ ತಾರೀಕು, ಪಿಯುಸಿ ಫಲಿತಾಂಶದ ದಿನ. ಕುಡಿತ ಇರುವವರಿಗೆ ಬೆಳಿಗ್ಗೆ ಏಳೆಂಟು ಗಂಟೆಗೇ ಮಾಡಿ; ಸಂಜೆಯ ಕರೆ ವ್ಯರ್ಥ.

ಕರೆ ಹೀಗಿರಲಿ. ‘ಅಕ್ಕಾ, ಆಸ್ಪತ್ರೆಯಿಂದ ಸಿಸ್ಟರ್. ವಾರ್ಡಲ್ಲಿ ನಿಮ್ಮ ಜೊತೆ ಕೂತು ಚೀಟಿ ಬರೆದೆವಲ್ಲ. ಈಗ ಮಾತಾಡಬಹುದಾ?’ ಪಕ್ಕದಲ್ಲಿ ಯಾರಾದರೂ ಇದ್ದರೆ ‘ಗಂಟಲು ಪರವಾಗಿಲ್ಲ’ ಎಂದು ಹೇಳಲಿ ಎಂದು ಮೊದಲೇ ಮಾತಾಗಿರಬೇಕು. ಆಗ ಹೌದು, ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಮಾತ್ರ ಕೇಳಿ. ಊಟ, ನಿದ್ದೆ, ಮನೆಯ ವಾತಾವರಣ, ಮಾತ್ರೆ; ನಂತರ ‘ಆ ಯೋಚನೆ ಈ ವಾರ ಬಂತಾ?’, ಚೀಟಿಯಲ್ಲಿ ಬರೆದದ್ದು ಉಪಯೋಗಕ್ಕೆ ಬಂತಾ, ಮುಂದಿನ ಕರೆಯ ದಿನ. ಕ್ಲಿನಿಕ್ಕಿಗೆ ಬಾರದಿದ್ದರೆ ‘ಯಾಕೆ ಬರಲಿಲ್ಲ?’ ಎನ್ನಬೇಡಿ. ‘ಬರೋದಕ್ಕೆ ಏನು ಅಡ್ಡಿ ಆಯ್ತು?’ ಎಂದರೆ ಬಸ್ಸು, ಕೂಲಿ, ಅತ್ತೆ, ಯಾವುದು ಎಂದು ಗೊತ್ತಾಗುತ್ತದೆ.

ಈಗಲೇ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಫೋನ್ ಇಡಬೇಡಿ. ಎಲ್ಲಿದ್ದೀರಿ, ಹತ್ತಿರ ಯಾರಿದ್ದಾರೆ, ಕೈಗೆ ಏನು ಸಿಗುವಂತಿದೆ ಎಂದು ಕೇಳುತ್ತಾ ಇರಿ. ಪಕ್ಕದ ಸಹೋದ್ಯೋಗಿ ಇನ್ನೊಂದು ಫೋನಿನಿಂದ ಮನೆಯವರಿಗೆ, ಬೇಕಾದರೆ 112 ಅಥವಾ 108ಕ್ಕೆ ಕರೆ ಮಾಡಲಿ. ಹಾಗಾಗಿ ಫಾಲೋಅಪ್ ಕರೆಗಳನ್ನು ಒಬ್ಬರೇ ಇರುವ ಕೋಣೆಯಿಂದ ಮಾಡಬಾರದು.

ಸಮಸ್ಯೆ ಸಾಲದ್ದಾದರೆ ‘ಧೈರ್ಯವಾಗಿರಿ’ ಎಂದರೆ ಏನೂ ಆಗುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ. ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳಾದರೆ 1098. ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ನಂಬರು ಕೊಟ್ಟು ಸುಮ್ಮನಾಗಬೇಡಿ, ಯಾರನ್ನು ಕಾಣಬೇಕು ಎಂದು ನೀವೇ ಮಾತಾಡಿಟ್ಟು ಕಳಿಸಿ.

ಎತ್ತದಿದ್ದರೆ

ಎರಡು ದಿನದಲ್ಲಿ ಮೂರು ಸಲ, ಬೇರೆ ಬೇರೆ ಹೊತ್ತಿಗೆ. ನಂತರ ಎರಡನೇ ನಂಬರು. ರೀಚಾರ್ಜ್ ಮುಗಿದರೆ ಕರೆ ಹೋಗುವುದೇ ಇಲ್ಲ, ಅದನ್ನು ಅಸಡ್ಡೆ ಎಂದು ತಿಳಿಯಬೇಡಿ. ಅದೂ ಸಿಗದಿದ್ದರೆ, ಒಪ್ಪಿಗೆ ಕೊಟ್ಟವರಿಗೆ ಆಶಾ ಅಥವಾ ಸಮುದಾಯ ಆರೋಗ್ಯಾಧಿಕಾರಿಯ ಭೇಟಿ. ಮೊದಲ ಕರೆಯೇ ಸಿಗದಿದ್ದರೆ ಈ ಭೇಟಿ ಅದೇ ವಾರ ಆಗಬೇಕು.

ಏನೂ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದವರಿಗೂ ಒಂದು ದಾರಿ ಉಳಿದಿದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ವಿಷ ಸೇವಿಸಿ ಬದುಕಿದವರಿಗೆ ವರ್ಷದಲ್ಲಿ ಎಂಟು ಪೋಸ್ಟ್ ಕಾರ್ಡ್ ಕಳಿಸಿ ನೋಡಿದರು. ಮತ್ತೆ ಮತ್ತೆ ಯತ್ನಿಸುವ ಒಟ್ಟು ಸಲಗಳು ಸುಮಾರು ಅರ್ಧಕ್ಕಿಳಿದವು, ಯತ್ನಿಸಿದವರ ಸಂಖ್ಯೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಆಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ಪೋಸ್ಟ್ ಕಾರ್ಡನ್ನು ಅಂಚೆಯವನಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಓದುತ್ತಾರೆ, ಆದ್ದರಿಂದ ಅಂಟಿಸಿದ ಇನ್‌ಲ್ಯಾಂಡ್ ಪತ್ರ ಅಥವಾ ಮೆಸೇಜು. ಎರಡೇ ಸಾಲು: ‘ನಿಮ್ಮನ್ನು ನೆನೆಸಿಕೊಂಡೆವು, ಚೆನ್ನಾಗಿದ್ದೀರಿ ಎಂದುಕೊಂಡಿದ್ದೇವೆ. ಯಾವಾಗ ಬೇಕಾದರೂ ಈ ನಂಬರಿಗೆ ಮಾತಾಡಬಹುದು.’ ಬನ್ನಿ ಎಂದಾಗಲಿ, ಮಾತ್ರೆ ತಗೊಳ್ಳಿ ಎಂದಾಗಲಿ ಬರೆಯಬೇಡಿ. ಏನನ್ನೂ ಕೇಳದಿರುವುದೇ ಈ ಪತ್ರದ ಗುಣ.

ರಿಜಿಸ್ಟರು

ದಪ್ಪ ರಟ್ಟಿನ ಒಂದು ನೋಟ್‌ಬುಕ್ ಸಾಕು. ರೋಗಿಗೆ ಒಂದು ಪುಟ. ಮೇಲೆ ನಂಬರುಗಳು, ಯಾರು ಎತ್ತಿದರೆ ಏನು ಹೇಳಬೇಕು, ಕೆಟ್ಟ ದಿನಗಳು. ಕೆಳಗೆ ಹತ್ತು ಸಾಲು, ಹತ್ತು ಕರೆಗೆ. ಕರೆಯ ದಿನಾಂಕಗಳನ್ನು ಡಿಸ್‌ಚಾರ್ಜ್ ದಿನವೇ ಲೆಕ್ಕ ಹಾಕಿ ಪೆನ್ಸಿಲ್ಲಿನಲ್ಲಿ ಬರೆದು, ಗೋಡೆಯ ಕ್ಯಾಲೆಂಡರಿನಲ್ಲಿ ಪುಟದ ಸಂಖ್ಯೆ ಮಾತ್ರ ಗುರುತು ಮಾಡಿ; ಹೆಸರು ಬೇಡ. ಪುಸ್ತಕ ಬೀಗದೊಳಗಿರಲಿ. ತಿಂಗಳಿಗೊಮ್ಮೆ ವೈದ್ಯಾಧಿಕಾರಿ ನೋಡಬೇಕಾದ ಸಂಖ್ಯೆ ಒಂದೇ: ಡಿಸ್‌ಚಾರ್ಜ್ ಆದವರಲ್ಲಿ ಎಷ್ಟು ಜನರಿಗೆ 72 ಗಂಟೆಯೊಳಗೆ ಕರೆ ಮುಟ್ಟಿತು.

ಹದಿನೆಂಟನೇ ತಿಂಗಳ ಕರೆ ಕೊನೆಯದು ಎಂದು ಹನ್ನೆರಡನೇ ತಿಂಗಳಲ್ಲೇ ಹೇಳಿಡಿ. ಹೇಳದೆ ನಿಲ್ಲಿಸಿದರೆ ‘ಇವರೂ ಬಿಟ್ಟರು’ ಎಂದುಕೊಳ್ಳುತ್ತಾರೆ. ಕೊನೆಯ ಕರೆಯಲ್ಲಿ ಚೀಟಿ ಇನ್ನೂ ಇದೆಯಾ ಎಂದು ಕೇಳಿ. ಕಳೆದುಹೋಗಿದ್ದರೆ ಫೋನಿನಲ್ಲೇ ಓದಿ ಹೇಳಿ, ಹೊಸದಾಗಿ ಬರೆದುಕೊಳ್ಳಲಿ.